ಹಳೆಯ ಅಣು ಸ್ಥಾವರದಲ್ಲಿ ನನಗೆ ಯಾವುದರ ಭಯ?

"ನಲವತ್ತು ವರ್ಷ ಹಳೆಯ ಅಣು ಸ್ಥಾವರ ಅಂದ್ರೆ ರಿಯಾಕ್ಟರ್ ಬಿರುಕು ಬಿಡೋದಿಲ್ವಾ?" ಯಂತ್ರಗಳ ಬಗ್ಗೆ ಓದುವ ಹುಚ್ಚು ನನಗಿದೆ ಎಂದು ಗೊತ್ತಾದವರೆಲ್ಲ ಒಂದಲ್ಲ ಒಂದು ದಿನ ಇದನ್ನು ಕೇಳಿಯೇ ಕೇಳುತ್ತಾರೆ. ಆ ಭಯ ಸುಳ್ಳೇನಲ್ಲ. ನ್ಯೂಟ್ರಾನ್‌ಗಳ ಹೊಡೆತಕ್ಕೆ ರಿಯಾಕ್ಟರ್ ಪಾತ್ರೆಯ ಉಕ್ಕು ಪೆಡಸಾಗುತ್ತದೆ. ಆದರೆ ಅದರ ಮೇಲೆ ಎಲ್ಲರ ಕಣ್ಣಿದೆ. ಅದೇ ಉಕ್ಕಿನ ತುಂಡುಗಳನ್ನು ಒಳಗಿಟ್ಟು, ಕಾಲಕಾಲಕ್ಕೆ ತೆಗೆದು ಮುರಿದು ನೋಡುತ್ತಾರೆ. ನಾನು ಬೆರಳು ತೋರಿಸುವುದು ಕೊಳವೆಯ ದಾರಿ ತೆರೆದು ಮುಚ್ಚುವ ವಾಲ್ವ್‌ಗಳ ಕಡೆಗೆ.

ಪಂಪು ಓಡಿ ಓಡಿ ಸವೆಯುತ್ತದೆ, ಸವೆದದ್ದನ್ನು ಸದ್ದು ಮಾಡಿ ಹೇಳುತ್ತದೆ. ತುರ್ತಾಗಿ ನೀರು ಹಾಯಿಸುವ ಕೊಳವೆಯ ವಾಲ್ವ್ ಹಾಗಲ್ಲ, ಕೂತಲ್ಲೇ ಮುದಿಯಾಗುತ್ತದೆ. ಹೆಚ್ಚಿನ ಕಾಲ ಮುಚ್ಚಿಕೊಂಡೇ ಇದ್ದು, ಕರೆ ಬಂದ ದಿನ ಸೆಕೆಂಡುಗಳ ಲೆಕ್ಕದಲ್ಲಿ ತೆರೆಯಬೇಕು. ಅಷ್ಟರಲ್ಲಿ ಗೇರ್‌ಪೆಟ್ಟಿಗೆಯ ಗ್ರೀಸ್ ಗಟ್ಟಿಯಾಗಿರಬಹುದು, ಡಯಾಫ್ರಾಮ್ ಎಂಬ ರಬ್ಬರ್ ಪೊರೆ ಸೆಟೆದುಕೊಂಡಿರಬಹುದು. ದಾರಿ ಮುಚ್ಚುವ ಡಿಸ್ಕ್ ಮತ್ತು ಅದು ಕೂರುವ ಸೀಟು ಸವೆಯಬಾರದೆಂದು ಹಾಕುವ ಸ್ಟೆಲ್ಲೈಟ್ ಎಂಬ ಗಟ್ಟಿ ಕೋಬಾಲ್ಟ್ ಮಿಶ್ರಲೋಹದ ಮೇಲೂ ಬಿಸಿನೀರಿನಲ್ಲಿ ತೆಳ್ಳನೆಯ ಆಕ್ಸೈಡ್ ಪದರ ಕಟ್ಟಿ ಘರ್ಷಣೆ ಏರುತ್ತದೆ. ವಾಲ್ವನ್ನು ತೆರೆಯುವ ಮೋಟಾರಿನ ಶಕ್ತಿ ಮಾತ್ರ ಮೊದಲ ದಿನ ಲೆಕ್ಕ ಹಾಕಿದಷ್ಟೇ.

"ಪರೀಕ್ಷೆ ಮಾಡ್ತಾರಲ್ಲ?" ಮಾಡುತ್ತಾರೆ. ಆದರೆ ಬಹಳ ಕಾಲ ಆ ಪರೀಕ್ಷೆಯೆಂದರೆ, ಕೊಳವೆಯಲ್ಲಿ ಒತ್ತಡವಾಗಲಿ ಹರಿವಾಗಲಿ ಇಲ್ಲದಾಗ ವಾಲ್ವನ್ನು ಒಮ್ಮೆ ತೆರೆದು ಮುಚ್ಚಿ ಎಷ್ಟು ಸೆಕೆಂಡು ಹಿಡಿಯಿತೆಂದು ಬರೆದುಕೊಳ್ಳುವುದು. ಖಾಲಿ ಗಾಡಿ ಎಳೆಸಿ ಎತ್ತಿನ ಬಲ ಅಳೆದಂತೆ! ಇದರ ಬೆಲೆ ಅಮೆರಿಕದ ಓಹಾಯೋದ ಡೇವಿಸ್-ಬೆಸ್ಸೆ ಸ್ಥಾವರದಲ್ಲಿ 1985ರ ಜೂನ್ 9ರಂದು ಕಂಡಿತು. ರಿಯಾಕ್ಟರಿನ ಶಾಖ ಹೀರಿ ಹಬೆ ಮಾಡುವ ಹಬೆ ಜನರೇಟರ್‌ಗಳಿಗೆ ನೀರು ನಿಂತಿತು. ಗಡಿಬಿಡಿಯಲ್ಲಿ ತಪ್ಪು ಗುಂಡಿ ಒತ್ತಿ ಸಹಾಯಕ ನೀರಿನ ವಾಲ್ವ್‌ಗಳೂ ಮುಚ್ಚಿಹೋದವು. ಮತ್ತೆ ತೆರೆಯಲು ಹೋದರೆ ಮೋಟಾರು ಸೋತಿತು, ಕಾರಣ, ಬಲ ಮಿತಿ ಮೀರಿದರೆ ಮೋಟಾರನ್ನು ನಿಲ್ಲಿಸುವ ಟಾರ್ಕ್ ಸ್ವಿಚ್ ವ್ಯವಸ್ಥೆಯ ಹೊಂದಾಣಿಕೆಯೇ ತಪ್ಪಿತ್ತು. ಸಿಬ್ಬಂದಿ ಓಡಿಹೋಗಿ ಕೈಯಿಂದಲೇ ತಿರುಗಿಸಿ ತೆರೆದರು. ಇಂಥ ಅನುಭವಗಳ ನಂತರ 1989ರಲ್ಲಿ ಅಮೆರಿಕದ ಪರಮಾಣು ನಿಯಂತ್ರಣ ಆಯೋಗ, ಮೋಟಾರು ವಾಲ್ವ್‌ಗಳು ಅಪಘಾತದ ಹೊತ್ತಿನ ಒತ್ತಡದಲ್ಲೂ ಕೆಲಸ ಮಾಡುತ್ತವೆಂದು ತೋರಿಸಿ ಎಂದು ಸ್ಥಾವರಗಳಿಗೆ ಹೇಳಿತು. ಆಗ ಗೊತ್ತಾದದ್ದು, ಎಷ್ಟೋ ವಾಲ್ವ್‌ಗಳಿಗೆ ಹಳೆಯ ಸೂತ್ರ ಹೇಳಿದ್ದಕ್ಕಿಂತ ಹೆಚ್ಚು ಬಲ ಬೇಕು ಅನ್ನುವುದು.

ಇನ್ನೊಂದು ಪೇಚು ದೀಪದ್ದು. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಸ್ಥಾವರದ ಎರಡನೇ ಘಟಕದಲ್ಲಿ ಒತ್ತಡ ಬಿಡುವ ವಾಲ್ವ್ ತೆರೆದು ಹಾಗೇ ಸಿಕ್ಕಿಕೊಂಡಿತ್ತು. ಕಂಟ್ರೋಲ್ ರೂಮಿನ ದೀಪವೋ, ಮುಚ್ಚು ಎಂಬ ಆಜ್ಞೆ ಹೋಗಿದೆ ಎಂದಷ್ಟೇ ಹೇಳುತ್ತಿತ್ತು. ನೋಡಿದವರು ಅದನ್ನು ಮುಚ್ಚಿದೆ ಎಂದು ಓದಿಕೊಂಡರು. ಎರಡು ಗಂಟೆಗೂ ಹೆಚ್ಚು ಕಾಲ ನೀರು ಸೋರಿತು, ಇಂಧನದ ಸುಮಾರು ಅರ್ಧ ಭಾಗ ಕರಗಿತು. (ಅದು ಮುದಿ ವಾಲ್ವೇನಲ್ಲ, ಆ ಘಟಕ ವಾಣಿಜ್ಯ ಉತ್ಪಾದನೆ ಶುರುಮಾಡಿ ವರ್ಷವೂ ತುಂಬಿರಲಿಲ್ಲ. ಆದ್ದರಿಂದ ಎಲ್ಲ ತಪ್ಪನ್ನೂ ವಯಸ್ಸಿನ ತಲೆಗೆ ಕಟ್ಟುವುದು ನನಗೆ ಸರಿಬೀಳುವುದಿಲ್ಲ.)

ಮೂವತ್ತು ವರ್ಷ ಕಳೆದರೂ ಆ ಪೇಚು ಬಿಡಲಿಲ್ಲ. ಅಮೆರಿಕದ ಅಲಬಾಮಾದ ಬ್ರೌನ್ಸ್ ಫೆರಿ ಸ್ಥಾವರದ ಒಂದನೇ ಘಟಕವನ್ನು 2010ರ ಅಕ್ಟೋಬರ್‌ನಲ್ಲಿ ಇಂಧನ ಬದಲಿಸಲು ನಿಲ್ಲಿಸಿದ್ದಾಗ, ನಿಂತ ರಿಯಾಕ್ಟರಿನಲ್ಲಿ ಉಳಿದ ಶಾಖ ತೆಗೆಯುವ ವ್ಯವಸ್ಥೆಯ ಒಂದು ಕೊಳವೆಯಲ್ಲಿ ನೀರೇ ಹರಿಯಲಿಲ್ಲ. ವಾಲ್ವಿನ ಡಿಸ್ಕ್ ಅದನ್ನು ಎತ್ತುವ ಸ್ಟೆಮ್ ಎಂಬ ದಂಡದಿಂದ ಕಳಚಿಕೊಂಡು ಸೀಟಿನಲ್ಲೇ ಕೂತಿತ್ತು. ಇಂಥ ವಾಲ್ವಿನಲ್ಲಿ ಸ್ಟೆಮ್ ಸಲೀಸಾಗಿ ಮೇಲೇರುತ್ತದೆ, ತೆರೆಯಲು ಹಿಡಿಯುವ ಸಮಯವೂ ಸರಿಯಾಗೇ ಬರುತ್ತದೆ, ಹರಿವನ್ನು ಅಳೆದಾಗ ಮಾತ್ರ ಗುಟ್ಟು ರಟ್ಟಾಗುತ್ತದೆ. ಆಯೋಗ ಅದಕ್ಕೆ 'ಕೆಂಪು' ಶ್ರೇಣಿ ಕೊಟ್ಟಿತು. ಅದರ ನಾಲ್ಕು ಬಣ್ಣಗಳಲ್ಲಿ ಅತಿ ಗಂಭೀರವಾದದ್ದು ಅದು.

ರಿಯಾಕ್ಟರ್ ಪಾತ್ರೆಯನ್ನು ಬದಲಿಸುವುದು ನಡೆಯುವ ಮಾತಲ್ಲ, ವಾಲ್ವನ್ನು ಬದಲಿಸಬಹುದು. ನಲವತ್ತು ವರ್ಷದ ಸ್ಥಾವರದೊಳಗೆ ಐದು ವರ್ಷದ ವಾಲ್ವ್ ಇರಬಹುದು, ಅದರ ಪಕ್ಕದಲ್ಲೇ ಮೊದಲ ದಿನದ್ದೂ ಇರಬಹುದು. ಹಾಗಾಗಿ ಯಾರಾದರೂ ಸ್ಥಾವರದ ವಯಸ್ಸು ಹೇಳಿ ಅಭಿಪ್ರಾಯ ಕೇಳಿದರೆ, ವಾಲ್ವ್‌ಗಳ ದುರಸ್ತಿ ದಾಖಲೆ ಸಿಕ್ಕರೆ ಕೊಡಿ ಅನ್ನುತ್ತೇನೆ. ದೀಪ ಹತ್ತಿದ ದಿನಾಂಕ ಬೇಡ, ನೀರು ಹರಿಸಿ ನೋಡಿದ ದಿನಾಂಕ ಇರಲಿ.