ಒಂದ್ಕಡೆ ಅಗ್ನಿಕುಂಡ, ಅಂಚಲ್ಲಿ ಬಿಸ್ಮಿಲ್ಲಾ

ಮೊನ್ನೆ ರಾತ್ರಿ ನಿದ್ದೆ ಬರ್ದೆ ಹಳೇ ನಾಣ್ಯಗಳ ಫೋಟೋ ನೋಡ್ತಾ ಕೂತಿದ್ದೆ. ಒಂದು ಬೆಳ್ಳಿ ನಾಣ್ಯ ಕಣ್ಣಿಗೆ ಬಿತ್ತು, ಒಂದ್ಕಡೆ ರೆಕ್ಕೆ ಇರೋ ಕಿರೀಟದ ಪರ್ಷಿಯಾ ರಾಜ ಎರಡನೇ ಖುಸ್ರೋ, ಹಿಂದುಗಡೆ ಅಗ್ನಿಕುಂಡ, ಅದರ ಅಕ್ಕಪಕ್ಕ ಇಬ್ರು ನಿಂತಿದಾರೆ. ಓ ಪಾರ್ಸಿಗಳದ್ದು ಅಂದ್ಕೊಂಡು ಮುಂದೆ ಹೋಗ್ತಿದ್ದೆ, ರಾಜನ ಮುಖದ ಕಡೆ ಅಂಚನ್ನ ಝೂಮ್ ಮಾಡಿದ್ರೆ ಸಣ್ಣದಾಗಿ ಅರಬ್ಬಿಯಲ್ಲಿ 'ಬಿಸ್ಮಿಲ್ಲಾ', ಅಂದ್ರೆ ಅಲ್ಲಾಹನ ಹೆಸರಿನಲ್ಲಿ! ಇದನ್ನ ಅಚ್ಚು ಹಾಕಿಸಿದ್ದು ಖಲೀಫರ (ಪೈಗಂಬರರ ನಂತರ ಆಳಿದ ಮುಸ್ಲಿಂ ದೊರೆಗಳ) ಕಾಲದ ಅರಬ್ ಗವರ್ನರ್‌ಗಳು.

ಸ್ಕೂಲಲ್ಲಿ ನಾವು ಓದಿದ್ದು ಇಷ್ಟೇ: 622ರಲ್ಲಿ ಪೈಗಂಬರರು ಮೆಕ್ಕಾ ಬಿಟ್ಟು ಮದೀನಾಗೆ ಹೋದ್ರು, 632ರಲ್ಲಿ ತೀರ್ಕೊಂಡ್ರು, ಪುಟ ತಿರುಗಿಸಿದ್ರೆ ಮ್ಯಾಪ್ ಪೂರ್ತಿ ಹಸಿರು. ರಾತ್ರೋರಾತ್ರಿ ಎಲ್ರೂ ಮುಸ್ಲಿಮರಾದ್ರು ಅಂತಾನೇ ನಾನು ತುಂಬಾ ವರ್ಷ ನಂಬಿದ್ದೆ.

ಅರಬ್ಬರ ರಾಜ್ಯ ಬೆಳೆದಿದ್ದೇನೋ ಸ್ಪೀಡಾಗೇ. 602ರಿಂದ 628ರವರೆಗೆ ಬೈಜಾಂಟಿಯಂ (ಪೂರ್ವ ರೋಮನ್ ಸಾಮ್ರಾಜ್ಯ), ಪರ್ಷಿಯಾ ಎರಡೂ ಹೊಡೆದಾಡಿ ಸುಸ್ತಾಗಿದ್ವು, ಅದೇ ಟೈಮಿಗೆ ಅರಬ್ಬರು ನುಗ್ಗಿದ್ರು. 636ರ ಯರ್ಮೂಕ್ ಯುದ್ಧದಲ್ಲಿ ಬೈಜಾಂಟಿಯಂಗೆ ಸಿರಿಯಾ ಕೈತಪ್ಪಿತು, 651ರಲ್ಲಿ ಪರ್ಷಿಯಾದ ಕೊನೇ ರಾಜ ಯಜ್ದಗಿರ್ದ್ ಓಡ್ತಾ ಓಡ್ತಾ ಮರ್ವ್ ಹತ್ರ ಕೊಲೆಯಾದ. ಆದ್ರೆ ಜನ? ಅರಬ್ ಸೈನಿಕರು ಹೆಚ್ಚಾಗಿ ಇದ್ದಿದ್ದು ಬಸ್ರಾ, ಕೂಫಾ, ಫುಸ್ತಾತ್ ಥರದ ದಂಡಿನ ಊರುಗಳಲ್ಲಿ. ಉಳಿದ ಊರುಗಳ ಜನ ಜಿಝಿಯಾ (ಮುಸ್ಲಿಮರಲ್ಲದವರು ಕಟ್ಟೋ ತೆರಿಗೆ) ಕಟ್ಕೊಂಡು ತಮ್ಮ ಚರ್ಚು, ಅಗ್ನಿಮಂದಿರ ನಡೆಸ್ಕೊಂಡು ಹೋದ್ರು, ಲೆಕ್ಕ ಬರೆಯೋರೂ ಅದೇ ಹಳೇ ಗುಮಾಸ್ತರು, ಗ್ರೀಕ್‌ನಲ್ಲಿ, ಪರ್ಷಿಯನ್‌ನಲ್ಲಿ. ಸೈನಿಕರಿಗೆ ಸಂಬಳ ಹಂಚೋಕೆ ಖಲೀಫ ಉಮರ್ ಮಾಡಿಸಿದ ಪಟ್ಟಿಗೆ ದಿವಾನ್ ಅಂತಿದ್ರು, ನಮ್ಮ ಮೈಸೂರು ದಿವಾನರ ದಿವಾನ ಅನ್ನೋ ಪದಾನೂ ಅದೇ.

ನಂಗೆ ಮಜಾ ಅನ್ಸಿದ್ದು ತೆರಿಗೆ ವಿಷ್ಯ. ಜನ ಮತಾಂತರ ಆದ್ರೆ ಜಿಝಿಯಾ ನಿಂತು ಖಜಾನೆಗೆ ಹೊಡೆತ ಬೀಳುತ್ತೆ ಅಂತ ಕೆಲವು ಗವರ್ನರ್‌ಗಳು ಹೊಸ ಮುಸ್ಲಿಮರಿಂದಲೂ ವಸೂಲಿ ಮಾಡ್ತಾನೇ ಇದ್ರು, 717ರಲ್ಲಿ ಪಟ್ಟಕ್ಕೆ ಬಂದ ಖಲೀಫ ಎರಡನೇ ಉಮರ್ ಇದನ್ನ ನಿಲ್ಸಿ ಅಂತ ಆರ್ಡರ್ ಮಾಡ್ಬೇಕಾಯ್ತು. ಬರೀ ಕತ್ತಿ ತೋರ್ಸಿ ಎಲ್ರನ್ನೂ ಮತಾಂತರ ಮಾಡಿದ್ರು ಅನ್ನೋರೂ ಈ ಲೆಕ್ಕ ನೋಡಲ್ಲ, ಎಲ್ಲಾ ಪ್ರೀತಿಯಿಂದಲೇ ಆಯ್ತು ಅನ್ನೋರೂ ನೋಡಲ್ಲ. ಯುದ್ಧ ನಡೆದಿದ್ದೂ ನಿಜ, ಈಜಿಪ್ಟಲ್ಲಿ ಕ್ರೈಸ್ತರೇ ಜಾಸ್ತಿ ಇದ್ದಿದ್ದು ಆಮೇಲೂ ಶತಮಾನಗಳ ಕಾಲ ಅನ್ನೋದೂ ನಿಜ.

ನಾಣ್ಯದಿಂದ ಚಿತ್ರ ತೆಗೆಸಿದ್ದು ಖಲೀಫ ಅಬ್ದುಲ್ ಮಲಿಕ್, ಜೆರುಸಲೇಮಿನ ಬಂಡೆಯ ಗುಮ್ಮಟ (ಡೋಮ್ ಆಫ್ ದಿ ರಾಕ್) ಕಟ್ಟಿಸಿದವನೇ. 696-97ರಲ್ಲಿ ಅವನು ಹೊರಡಿಸಿದ ಚಿನ್ನದ ದಿನಾರ್‌ನಲ್ಲಿ ರಾಜನೂ ಇಲ್ಲ ಬೆಂಕಿನೂ ಇಲ್ಲ, ಬರೀ ಅಕ್ಷರ. ಅದಕ್ಕೂ ಮುಂಚೆ ಬೈಜಾಂಟಿಯಂ ನಾಣ್ಯ ಕಾಪಿ ಹೊಡೆದು ಒಂದು ಟ್ರಯಲ್ ನೋಡಿದ್ರು, ಮೆಟ್ಟಿಲ ಮೇಲಿದ್ದ ಶಿಲುಬೆಯ ಅಡ್ಡಪಟ್ಟಿ ಮಾತ್ರ ತೆಗೆದು ಕಂಬ ಹಾಗೇ ಬಿಟ್ಟಿದಾರೆ. ಆ ನಾಣ್ಯದ ಫೋಟೋ ಫ್ರೆಂಡಿಗೆ ಕಳ್ಸಿದೆ. 'ಇದೇನೋ, ಲೈಟ್ ಕಂಬಾನಾ?' ಅಂದ.