ಅಮೆರಿಕದ ಶಾಲೆಯಲ್ಲಿ ಸಂಗೀತ: ಮೊದಲು ಕಿವಿ, ಆಮೇಲೆ ಕಣ್ಣು

ಅಮೆರಿಕದಲ್ಲಿ ನೆಲೆಸಿದ ಎಷ್ಟೋ ಕನ್ನಡದ ಮನೆಗಳ ಮಕ್ಕಳು ಎರಡು ಸಂಗೀತ ಕಲಿಯುತ್ತಾರೆ. ವಾರಾಂತ್ಯಕ್ಕೆ ಕರ್ನಾಟಕ ಸಂಗೀತದ ಮೊದಲ ಪಾಠಗಳಾದ ಸರಳೆ, ಜಂಟಿ. ವಾರದ ನಡುವೆ ಶಾಲೆಯ ಸಂಗೀತ. ‘ಶಾಲೆಯಲ್ಲೇ ಹೇಳಿಕೊಡ್ತಾರಂತೆ’ ಎಂದು ಊರಿನಲ್ಲಿ ಹಿಗ್ಗುವ ಅಜ್ಜ-ಅಜ್ಜಿಯರಿಗೆ ಆ ಪಾಠದ ಕ್ರಮ ಸ್ವಲ್ಪ ವಿಚಿತ್ರವಾಗಿಯೇ ಕಂಡೀತು.

ಹಾಡುವುದು ಒಳ್ಳೆಯ ಕಂಠವಿದ್ದವರಿಗೆ ಮಾತ್ರವಲ್ಲ, ಎಲ್ಲ ಮಕ್ಕಳಿಗೂ ಎಂಬ ವಾದವನ್ನು ಗೆಲ್ಲಿಸಿ, 1838ರಲ್ಲಿ ಬಾಸ್ಟನ್ನಿನ ಸರ್ಕಾರಿ ಶಾಲೆಗಳ ಪಠ್ಯಕ್ಕೆ ಸಂಗೀತವನ್ನು ಸೇರಿಸಿದವರಲ್ಲಿ ಸಂಗೀತ ಶಿಕ್ಷಕ ಲೋವೆಲ್ ಮೇಸನ್ ಮುಖ್ಯರು. ಇವತ್ತಿಗೂ ದೇಶಕ್ಕೆಲ್ಲ ಒಂದೇ ಪಠ್ಯಕ್ರಮ ಇಲ್ಲ. ರಾಜ್ಯ, ಜಿಲ್ಲೆ, ಕೊನೆಗೆ ಆ ಶಾಲೆಯ ಟೀಚರು ಇವರೇ ತೀರ್ಮಾನಿಸುತ್ತಾರೆ. ಪ್ರಾಥಮಿಕ ತರಗತಿಗೆ ಸಾಮಾನ್ಯವಾಗಿ ವಾರಕ್ಕೆ ಒಂದೆರಡು ಪಾಠ, ಮುಕ್ಕಾಲು ಗಂಟೆಯ ಒಳಗೆ.

ಮೊದಲ ಸ್ವರಗಳು ಸೋ-ಮಿ, ಅಂದರೆ ನಮ್ಮ ಪ-ಗ. ಆಟದ ಬಯಲಲ್ಲಿ ಮಕ್ಕಳು ಒಬ್ಬರನ್ನೊಬ್ಬರು ರಾಗವಾಗಿ ರೇಗಿಸುವಾಗ ಬಾಯಿಗೆ ತಾನಾಗಿ ಬರುವ ಇಳಿಕೆ ಅದೇ. ಆಮೇಲೆ ಲಾ (ದ), ನಂತರ ಡೋ, ರೇ (ಸ, ರಿ). ಐದೂ ಕೂಡಿದರೆ ನಮ್ಮ ಮೋಹನ ರಾಗ. ಪ್ರತಿ ಸ್ವರಕ್ಕೂ ಒಂದೊಂದು ಕೈಸನ್ನೆ: ಡೋ ಎನ್ನುವಾಗ ಸೊಂಟದ ಮಟ್ಟದಲ್ಲಿ ಮುಷ್ಟಿ, ಮಿ ಎದೆಯ ಮಟ್ಟದಲ್ಲಿ ಮಟ್ಟಸ ಅಂಗೈ. ಸ್ವರ ಏರಿದಂತೆ ಕೈಯೂ ಏರುತ್ತದೆ. ಫಾ, ಟಿ (ನಮ್ಮ ಮ, ನಿ) ತಡವಾಗಿ ಬರುತ್ತವೆ, ಏಕೆಂದರೆ ಅರ್ಧ ಸ್ವರದ ಸಣ್ಣ ಅಂತರವನ್ನು ಎಳೆಯ ಗಂಟಲು ಸುಲಭಕ್ಕೆ ಹಿಡಿಯದು. ಅದಕ್ಕೇ ತರಗತಿಯ ಜೈಲೋಫೋನಿನ (ಕೋಲಿನಿಂದ ಬಡಿದು ನುಡಿಸುವ ಪಟ್ಟಿಗಳ ವಾದ್ಯ) ಪಟ್ಟಿಗಳನ್ನು ಎತ್ತಿಡಬಹುದು: ಸಿ ಎಂಬ ಸ್ವರವನ್ನು ಡೋ ಎಂದುಕೊಂಡು ಫಾ, ಟಿ ಆಗುವ ಎಫ್, ಬಿ ತೆಗೆದಿಟ್ಟರೆ ಮಗು ಯಾವುದನ್ನು ಬಡಿದರೂ ಅಪಸ್ವರ ಎನಿಸುವುದಿಲ್ಲ.

ನಾವು ಶುರುಮಾಡುವ ಮಾಯಾಮಾಳವಗೌಳ ರಾಗದಲ್ಲಿ ಅಂಥ ಸಣ್ಣ ಅಂತರಗಳು ನಾಲ್ಕು: ಸ-ರಿ, ಗ-ಮ, ಪ-ದ, ನಿ-ಸ. ಹಿಂದೆ ತಂಬೂರಿ, ಎದುರಿಗೆ ಗುರು, ದಿನವೂ ಅಭ್ಯಾಸ ಇದ್ದರೆ ಅದು ದಕ್ಕುತ್ತದೆ. ವಾರಕ್ಕೆ ಒಂದೆರಡೇ ಪಾಠದಲ್ಲಿ, ಶ್ರುತಿಪೆಟ್ಟಿಗೆಯಿಲ್ಲದೆ, ಇಪ್ಪತ್ತೈದು ಮಕ್ಕಳಿಗೆ ಆಗದು. ಎರಡೂ ಅವರವರ ಲೆಕ್ಕಕ್ಕೆ ಸರಿ.

ತಪ್ಪುವುದು ಹೆಚ್ಚಾಗಿ ಶ್ರುತಿಯಲ್ಲಿ. ಆರೇಳು ವರ್ಷದ ಮಗುವಿಗೆ ಹಾಯಾದ ಜಾಗ ಪಿಯಾನೋದ ನಡುವಿನ ಸಿ ದಾಟಿದ ಡಿಯಿಂದ ಅದರ ಮೇಲಿನ ಎ ವರೆಗೆ. ದೊಡ್ಡವರು ತಮ್ಮ ಗಂಟಲಿಗೆ ಒಗ್ಗುವಂತೆ ಕೆಳಗಿನ ಶ್ರುತಿಯಲ್ಲಿ ಹಾಡು ಶುರುಮಾಡಿದರೆ ಮಗು ಮಾತಿನ ದನಿಯಲ್ಲೇ ಗೊಣಗುತ್ತದೆ. ಆಮೇಲೆ ‘ಇವನಿಗೆ ಶ್ರುತಿ ನಿಲ್ಲಲ್ಲ’ ಎಂಬ ತೀರ್ಪು ಬೇರೆ!

ಮೂರು-ನಾಲ್ಕನೆಯ ತರಗತಿಗೆ ರೆಕಾರ್ಡರ್ ಎಂಬ ಪ್ಲಾಸ್ಟಿಕ್ ಕೊಳಲು ಬರುತ್ತದೆ. ಎಡಗೈ ಮೇಲ್ಭಾಗದಲ್ಲಿ, ಬಲಗೈ ಕೆಳಗೆ. ಹೆಬ್ಬೆರಳು ಮತ್ತು ತೋರುಬೆರಳು ಮುಚ್ಚಿದರೆ ಬಿ, ಮಧ್ಯದ ಬೆರಳು ಸೇರಿದರೆ ಎ, ಉಂಗುರದ ಬೆರಳೂ ಸೇರಿದರೆ ಜಿ. ಕೀರಲು ಸದ್ದಿಗೆ ಕಾರಣ ಎರಡೇ: ಜೋರಾಗಿ ಊದುವುದು, ಇಲ್ಲವೇ ರಂಧ್ರವನ್ನು ಬೆರಳ ತುದಿಯಿಂದ ಅರೆಬರೆ ಮುಚ್ಚುವುದು. ಬೆರಳ ಮೆತ್ತನೆಯ ಭಾಗದಿಂದ ಒತ್ತಿ, ಬಿಸಿ ಕಾಫಿ ಆರಿಸುವಷ್ಟೇ ಊದಬೇಕು. ಕೊಳ್ಳುವಾಗ ‘ಬರೋಕ್’ ಎಂಬ ಬೆರಳಿಡುವ ಕ್ರಮದ್ದೇ ಆಗಲಿ. ‘ಜರ್ಮನ್’ ಕ್ರಮದ್ದರಲ್ಲಿ ಎಫ್ ಸುಲಭ, ಆದರೆ ಅದಕ್ಕಿಂತ ಅರ್ಧ ಸ್ವರ ಮೇಲಿನ ಎಫ್ ಶಾರ್ಪ್ ಬಂದಾಗ ಶ್ರುತಿ ಕೆಡುತ್ತದೆ.

ಇಷ್ಟರವರೆಗೆ ಕಿವಿ ಮುಂದೆ, ಕಣ್ಣು ಹಿಂದೆ. ಬ್ಯಾಂಡ್, ಆರ್ಕೆಸ್ಟ್ರಾ ಶುರುವಾದ ಕೂಡಲೇ ಇದು ತಲೆಕೆಳಗಾಗುತ್ತದೆ. ಸ್ವರ ಬರೆದ ಕಾಗದ ನೋಡು, ಊದು. ಅದರಲ್ಲೂ ವಾದ್ಯಕ್ಕೊಂದು ಲೆಕ್ಕ: ಎಲ್ಲರೂ ಒಂದೇ ಬಿ ಫ್ಲಾಟ್ (ಬಿಗಿಂತ ಅರ್ಧ ಸ್ವರ ಕೆಳಗಿನದು) ನುಡಿಸಲು ಕೊಳಲಿನ ಹುಡುಗಿ ಬಿ ಫ್ಲಾಟನ್ನೇ ಓದುತ್ತಾಳೆ, ಕ್ಲಾರಿನೆಟ್ಟಿನವನು ಸಿ, ಆಲ್ಟೋ ಸ್ಯಾಕ್ಸೊಫೋನಿನವನು ಜಿ. ಸ ಎಲ್ಲಿಗೆ ಬೇಕಾದರೂ ಸರಿಯುತ್ತದೆ ಎಂದು ಗೊತ್ತಿರುವ ನಮ್ಮ ಮಕ್ಕಳು ಇಲ್ಲಿ ಕಂಗೆಡಬೇಕಿಲ್ಲ; ಯಾರಾದರೂ ಒಮ್ಮೆ ಹಾಗೆ ಬಿಡಿಸಿ ಹೇಳಬೇಕು, ಅಷ್ಟೆ.

ನಿಜವಾದ ತೊಡಕು ಪಿಟೀಲಿನದು. ಮನೆಯಲ್ಲಿ ಚಕ್ಕಳಮಕ್ಕಳ ಕೂತು, ಪಿಟೀಲಿನ ತಲೆಯನ್ನು ಬಲಗಾಲ ಪಾದಕ್ಕೆ ಊರಿ, ತಂತಿಗಳನ್ನು ಸ-ಪ-ಸ-ಪ ಎಂದು ಶ್ರುತಿ ಮಾಡಿ ನುಡಿಸುವ ಮಗು, ಶಾಲೆಯಲ್ಲಿ ಕುರ್ಚಿಯ ಅಂಚಿಗೆ ಕೂತು ಗಲ್ಲದಡಿ ಹಿಡಿಯಬೇಕು, ತಂತಿಗಳು ಜಿ-ಡಿ-ಎ-ಇ. ಮನೆಯಲ್ಲಿ ವಾದ್ಯಕ್ಕೆ ಪಾದದ ಆಸರೆ ಇರುವುದರಿಂದ ಎಡಗೈ ಸಲೀಸಾಗಿ ಜಾರಿ ಗಮಕ ತೆಗೆಯುತ್ತದೆ. ಶಾಲೆಯಲ್ಲಿ ಬೆರಳು ಇಡಬೇಕಾದ ಜಾಗಕ್ಕೆ ಬಣ್ಣದ ಟೇಪು ಅಂಟಿಸಿರುತ್ತಾರೆ, ಜಾರಿದರೆ ತಪ್ಪು. ಒಂದೇ ವಾದ್ಯವನ್ನು ದಿನವೂ ಎರಡು ಶ್ರುತಿಗೆ ಎಳೆದು ಸಡಿಲಿಸುತ್ತಿದ್ದರೆ ತಂತಿ ನಿಲ್ಲುವುದಿಲ್ಲ, ಇ ತಂತಿ ಬೇಗ ತುಂಡಾಗುತ್ತದೆ. ಸಾಧ್ಯವಾದರೆ ಶಾಲೆಗೊಂದು ಬಾಡಿಗೆ ಪಿಟೀಲು ತರುವುದೇ ಲೇಸು.

ಎಲ್ಲ ಕಾಲದ, ಎಲ್ಲ ಸಂಸ್ಕೃತಿಗಳ ಸಂಗೀತಕ್ಕೂ ಪಠ್ಯದಲ್ಲಿ ಜಾಗವಿದೆ ಎಂದು ಅಮೆರಿಕದ ಸಂಗೀತ ಶಿಕ್ಷಕರು ಮ್ಯಾಸಚೂಸೆಟ್ಸ್ ರಾಜ್ಯದ ಟ್ಯಾಂಗಲ್‌ವುಡ್ಡಿನಲ್ಲಿ ಸೇರಿ ಘೋಷಿಸಿದ್ದು 1967ರಲ್ಲಿ. 2014ರ ರಾಷ್ಟ್ರೀಯ ಮಾನದಂಡಗಳೂ ನುಡಿಸುವುದರ ಜೊತೆಗೆ ಹೊಸದನ್ನು ಕಟ್ಟುವುದು, ಕೇಳಿ ಸ್ಪಂದಿಸುವುದು, ಬದುಕಿಗೆ ಜೋಡಿಸುವುದು ಎನ್ನುತ್ತವೆ. ಕಾರ್ಯಕ್ರಮದ ದಿನ ಹತ್ತಿರವಾದರೆ ಇವೆಲ್ಲ ಬದಿಗೆ. ಕ್ಲಾರಿನೆಟ್ಟಿನ ಮೂರನೆಯ ಭಾಗ ನುಡಿಸುವ ಮಗು ತಿಂಗಳುಗಟ್ಟಲೆ ಹಾಡಿನ ಮುಖ್ಯ ಧಾಟಿಯನ್ನೇ ನುಡಿಸದೆ ಕೂತಿರುತ್ತದೆ.

ಬದಲಾವಣೆ ಶುರುವಾಗಿರುವುದು ಯುಕುಲೇಲಿಯಂಥ (ನಾಲ್ಕು ತಂತಿಯ ಪುಟ್ಟ ಗಿಟಾರಿನಂಥದು) ಸಣ್ಣ ವಾದ್ಯಗಳಿಂದ. ಸಿ ಸ್ವರಮೇಳಕ್ಕೆ (ಕೂಡಿ ನುಡಿಯುವ ಸ್ವರಗಳ ಗುಂಪು) ಎ ತಂತಿಯ ಮೂರನೆಯ ಮನೆಯಲ್ಲಿ (ಎರಡು ಪಟ್ಟಿಗಳ ನಡುವಿನ ಜಾಗ) ಒಂದೇ ಬೆರಳು, ಎ ಮೈನರಿಗೆ ಜಿ ತಂತಿಯ ಎರಡನೆಯ ಮನೆಯಲ್ಲಿ ಒಂದು, ಎಫ್‌ಗೆ ಅದರ ಜೊತೆ ಇ ತಂತಿಯ ಮೊದಲ ಮನೆಯಲ್ಲಿ ಇನ್ನೊಂದು. ಮೂರೇ ಹಿಡಿತಗಳಲ್ಲಿ ಮಗು ತನ್ನದೇ ನಾಲ್ಕು ಸಾಲು ಕಟ್ಟಿ ಹಾಡಬಹುದು, ಅದೂ ಕಾಗದ ನೋಡದೆ.