ವಿಳಾಸ ತೆರೆದಾಗ ಎಚ್ಚರಗೊಳ್ಳುವ ಹತ್ತು ಸಾಲು

ನಿನ್ನೆ ರಾತ್ರಿ ಹತ್ತು ಸಾಲಿನ ಪೈಥಾನ್ ಫಂಕ್ಷನ್ ಒಂದನ್ನು ಕರೆ ಬಂದಾಗ ಮಾತ್ರ ಕೋಡ್ ಓಡಿಸುವ ಅಮೆಜಾನ್ ಸೇವೆಯಾದ ಲ್ಯಾಂಬ್ಡಾಗೆ ಏರಿಸಿದೆ. ಬ್ರೌಸರ್‌ನಲ್ಲಿ ವಿಳಾಸ ತೆರೆದವರಿಗೆ ಅವರ ಹೆಸರು ಹಿಡಿದು ನಮಸ್ಕಾರ ಹೇಳಬೇಕು, ಅಷ್ಟೇ ಅದರ ಕೆಲಸ. 2022ರಿಂದ ಫಂಕ್ಷನ್‌ಗೆ ನೇರವಾಗಿ ಯುಆರ್‌ಎಲ್ ಕೊಡಬಹುದಾದ್ದರಿಂದ ನಡುವೆ ವಿನಂತಿಯನ್ನು ತಲುಪಿಸುವ ಬೇರೆ ಗೇಟ್‌ವೇ ಬೇಕಾಗಲಿಲ್ಲ.

ವಿಳಾಸದ ಕೊನೆಗೆ ಹೆಸರು ಸೇರಿಸಿದಾಗ ಸರಿಯಾಗಿ ಉತ್ತರ ಬಂತು. ಹೆಸರಿಲ್ಲದೆ ತೆರೆದೆ, 'ಇಂಟರ್ನಲ್ ಸರ್ವರ್ ಎರರ್' ಎಂಬ ಒಂದೇ ಸಾಲು. ಲಾಗ್ ತೆರೆದರೆ ಕೀ ಎರರ್, ಅಂದರೆ ಡಿಕ್ಷನರಿಯಲ್ಲಿ (ಕೀಲಿ-ಮೌಲ್ಯಗಳ ಜೋಡಿಪಟ್ಟಿ) ಇಲ್ಲದ ಕೀಲಿಯನ್ನು ಕೋಡ್ ಕೇಳಿದೆ. ವಿಳಾಸದಲ್ಲಿ ಪ್ರಶ್ನಾ ಭಾಗವಿಲ್ಲದ (ಪ್ರಶ್ನಾರ್ಥಕ ಚಿಹ್ನೆಯ ನಂತರ ಏನೂ ಇರದ) ವಿನಂತಿಯಲ್ಲಿ ಆ ಭಾಗವನ್ನು ಹಿಡಿದಿಡುವ ಕೀಲಿಯೇ ಇರುವುದಿಲ್ಲ, ಖಾಲಿಯಾಗಿಯೂ ಬರುವುದಿಲ್ಲ. ಚೌಕ ಆವರಣದಿಂದ ಓದುತ್ತಿದ್ದುದನ್ನು, ಕೀಲಿ ಇಲ್ಲದಿದ್ದರೂ ದೋಷ ಕೊಡದ ಡಿಕ್ಷನರಿಯ 'ಗೆಟ್'ಗೆ ಬದಲಿಸಿ, ಸಿಗದಿದ್ದರೆ ಖಾಲಿ ಡಿಕ್ಷನರಿ ಎಂದು ಬರೆದೆ. ಆಗ "ನಮಸ್ಕಾರ, ಅತಿಥಿಯೇ" ಎಂಬ ಅಕ್ಷರಗಳು ಪರದೆಯ ಮೇಲೆ ಮೂಡಿದಾಗ ಆದ ಸಂತೋಷ ಇನ್ನೂ ಆರಿಲ್ಲ.

ಬಹಳ ಹೊತ್ತು ಯಾರೂ ಕರೆಯದಿದ್ದರೆ ಮೊದಲ ಉತ್ತರ ಸ್ವಲ್ಪ ತಡವಾಗುತ್ತದೆ. ಫಂಕ್ಷನ್ ಒಮ್ಮೆಗೆ ಓಡಬಹುದಾದ ಕಾಲಮಿತಿ ಪೂರ್ವನಿಯೋಜಿತವಾಗಿ 3 ಸೆಕೆಂಡ್. 15 ನಿಮಿಷದವರೆಗೆ ಹೆಚ್ಚಿಸಬಹುದು. ನಮಸ್ಕಾರಕ್ಕೆ 3 ಸೆಕೆಂಡೇ ಧಾರಾಳ.

ದೃಢೀಕರಣವಿಲ್ಲದೆ ತೆರೆದಿಟ್ಟ ಆ ವಿಳಾಸವನ್ನು ಮಲಗುವ ಮುನ್ನ ಅಳಿಸಿದೆ. ಕೋಡ್ ಮಾತ್ರ ಉಳಿಸಿಕೊಂಡಿದ್ದೇನೆ. ಈ ವಾರ ಅದಕ್ಕೆ ಪೋಸ್ಟ್ ವಿನಂತಿಯನ್ನು (ಮಾಹಿತಿಯನ್ನು ವಿಳಾಸದಲ್ಲಲ್ಲ, ತನ್ನೊಳಗೆ ಹೊತ್ತು ತರುವ ವಿನಂತಿ) ಓದಲು ಕಲಿಸಬೇಕು.